ಸೂರ್ಯನ ಕುದುರೆಯ ಬೆಳವಣಿಗೆಗೆ ಅವಸರ ಬೇಡ

ಮಾನ್ಯ ಸಂಪಾದಕರೇ,

ಪ್ರೇಯಿಂಗ್ ಮ್ಯಾಂಟಿಸ್, ಅಂದರೆ ಸೂರ್ಯನ ಕುದುರೆಯನ್ನು ಮನೆಯಲ್ಲಿ ಸಾಕುವ ಕುರಿತು ತಮ್ಮ ಪತ್ರಿಕೆಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಬೆಚ್ಚಗಿಟ್ಟು ಹೊಟ್ಟೆ ತುಂಬ ತಿನ್ನಿಸಿದರೆ ಮರಿಗಳು ಬೇಗ ಬೆಳೆಯುತ್ತವೆ ಎಂಬ ಅದರ ಮಾತು ಸುಳ್ಳಲ್ಲ. ಆದರೆ ಬೇಗ ಬೆಳೆಯುವುದೇ ಒಳ್ಳೆಯದು ಎಂಬ ಧ್ವನಿ ಅದರಲ್ಲಿದ್ದುದರಿಂದ, ಹಲವು ವರ್ಷಗಳಿಂದ ಈ ಕೀಟಗಳನ್ನು ಸಾಕುತ್ತಿರುವ ನನಗೆ ಎರಡು ಮಾತು ಬರೆಯಬೇಕೆನಿಸಿತು.

ಕೀಟದ ದೇಹದ ಉಷ್ಣತೆ ಸುತ್ತಲಿನ ಗಾಳಿಯದನ್ನೇ ಅನುಸರಿಸುವುದರಿಂದ, 28 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟ ಮರಿಯು 22 ಡಿಗ್ರಿಯಲ್ಲಿಟ್ಟ ಮರಿಗಿಂತ ಬೇಗಬೇಗ ಪೊರೆ ಕಳಚಿ ಬೆಳೆಯುತ್ತದೆ. ಅದರ ಆಯುಸ್ಸೂ ಅಷ್ಟೇ ಬೇಗ ತೀರುತ್ತದೆ. ಒಂದೇ ಕೀಟವನ್ನು ಸುಮ್ಮನೆ ನೋಡುವ ಖುಷಿಗೆ ಸಾಕಿದವರಿಗೆ ನಿಧಾನವೇ ಲಾಭ.

ಸಂತಾನ ಪಡೆಯಬೇಕೆನ್ನುವವರಿಗೆ ಇದು ಇನ್ನೂ ಮುಖ್ಯ. ಗಂಡು ಸಾಮಾನ್ಯವಾಗಿ ಹೆಣ್ಣಿಗಿಂತ ಕಡಿಮೆ ಸಲ ಪೊರೆ ಕಳಚಿ ಮೊದಲೇ ಪ್ರೌಢವಾಗುತ್ತದೆ, ಮೊದಲೇ ಸಾಯುತ್ತದೆ. ಒಂದೇ ಮೊಟ್ಟೆಗೂಡಿನಿಂದ ಹೊರಬಂದ ಮರಿಗಳನ್ನೆಲ್ಲ ಒಂದೇ ಶಾಖದಲ್ಲಿಟ್ಟು ಒಂದೇ ಪ್ರಮಾಣದಲ್ಲಿ ತಿನ್ನಿಸಿದ ನನ್ನ ಮೊದಲ ಪ್ರಯತ್ನದಲ್ಲಿ, ಹೆಣ್ಣುಗಳು ಕೊನೆಯ ಪೊರೆ ಕಳಚಿ ರೆಕ್ಕೆ ಪಡೆಯುವ ಹೊತ್ತಿಗೆ ಗಂಡೊಂದೂ ಉಳಿದಿರಲಿಲ್ಲ. ಹೆಣ್ಣು ಗಂಡಿನ ಎರಡು ಪಟ್ಟಿಗೂ ಮಿಕ್ಕಿ ಬೆಳೆಯುವ ಆರ್ಕಿಡ್ ಮ್ಯಾಂಟಿಸ್‌ನಂಥ ಜಾತಿಯಲ್ಲಂತೂ ಈ ಅಂತರ ತೀರ ದೊಡ್ಡದು.

ಪರಿಹಾರ ಕಷ್ಟದ್ದಲ್ಲ. ಮರಿಗಳು ಅರ್ಧ ಬೆಳೆದ ಮೇಲೆ ಹೊಟ್ಟೆಯ ಕೆಳಭಾಗವನ್ನು ಭೂತಗನ್ನಡಿಯಲ್ಲಿ ನೋಡಿದರೆ ಗಂಡಿಗೆ 8, ಹೆಣ್ಣಿಗೆ 6 ಖಂಡಗಳು ಕಾಣುತ್ತವೆ. ಹೀಗೆ ಬೇರ್ಪಡಿಸಿದ ಬಳಿಕ ಹೆಣ್ಣುಗಳನ್ನು ಬೆಚ್ಚಗಿಟ್ಟು ಚೆನ್ನಾಗಿ ತಿನ್ನಿಸಬೇಕು, ಗಂಡುಗಳನ್ನು ಆ ಜಾತಿ ತಾಳಿಕೊಳ್ಳುವ ಮಿತಿಯೊಳಗೇ ತುಸು ತಂಪಾದ ಕಡೆ ಇಟ್ಟು ಆಹಾರದ ನಡುವಿನ ದಿನಗಳನ್ನು ಹೆಚ್ಚಿಸಬೇಕು. ಬೆಳವಣಿಗೆಯನ್ನು ತಡೆಯುವುದೆಂದರೆ ಉಪವಾಸ ಕೆಡವುವುದಲ್ಲ; ಬಡಕಲಾದ ಮರಿ ಪೊರೆ ಕಳಚುವಾಗಲೇ ಸೋಲುತ್ತದೆ. ನೀರಿನ ಸಿಂಪಡಣೆಯನ್ನಂತೂ ಯಾವುದಕ್ಕೂ ಕಡಿಮೆ ಮಾಡಬಾರದು.

ಎಷ್ಟು ತಿನ್ನಿಸಬೇಕೆಂಬುದನ್ನು ಕ್ಯಾಲೆಂಡರ್ ನೋಡಿ ನಿರ್ಧರಿಸುವುದಕ್ಕಿಂತ ಹೊಟ್ಟೆ ನೋಡಿ ನಿರ್ಧರಿಸುವುದು ಲೇಸು. ಚಪ್ಪಟೆಯಾಗಿದ್ದರೆ ಹಸಿವು, ಉಬ್ಬಿದ್ದರೆ ಕಾಯಬೇಕು. ಅತಿಯಾಗಿ ಉಬ್ಬಿದ ಕೀಟ ಎತ್ತರದಿಂದ ಬಿದ್ದರೆ ಹೊಟ್ಟೆ ಒಡೆಯುವುದುಂಟು. ಪೊರೆ ಕಳಚುವ ಕೆಲವು ದಿನ ಮುಂಚೆ ಅದು ತಾನಾಗಿಯೇ ಆಹಾರ ಬಿಟ್ಟು ತಲೆಕೆಳಗಾಗಿ ನೇತಾಡುತ್ತದೆ. ಆಗ ಹಸಿದಿದೆಯೆಂದು ಕನಿಕರಪಟ್ಟು ಆಹಾರದ ಚಿಮ್ಮಂಡೆ ಹುಳುವನ್ನು ಪೆಟ್ಟಿಗೆಗೆ ಬಿಟ್ಟರೆ, ಮೆತ್ತಗಿರುವ ಮ್ಯಾಂಟಿಸ್ಸನ್ನೇ ಅದು ಕಚ್ಚಿ ತಿನ್ನಬಹುದು. ಪೆಟ್ಟಿಗೆಯ ಎತ್ತರ ಕೀಟದ ಉದ್ದದ ಮೂರು ಪಟ್ಟಾದರೂ ಇರಬೇಕೆಂದು ಸಾಕುವವರು ಹೇಳುವುದು ಈ ನೇತಾಟಕ್ಕಾಗಿಯೇ. ಅದಕ್ಕೆ ಜಾಗ ಸಾಲದಿದ್ದರೆ ಕಾಲುಗಳು ಸೊಟ್ಟಗಾಗುತ್ತವೆ.

ಲೇಖನದ ಜೊತೆ ಎಲ್ಲ ವಯಸ್ಸಿಗೂ, ಗಂಡು ಹೆಣ್ಣೆರಡಕ್ಕೂ ಒಂದೇ ಆಹಾರ ಪಟ್ಟಿ ಪ್ರಕಟವಾಗಿದೆ. ಮುಂದಿನ ಸಂಚಿಕೆಯಲ್ಲಿ ಅದನ್ನು ಗಂಡಿಗೊಂದು, ಹೆಣ್ಣಿಗೊಂದು ಎಂದು ಬೇರ್ಪಡಿಸಿ, ಪೊರೆ ಕಳಚುವ ದಿನಗಳಲ್ಲಿ ಆಹಾರ ಕೂಡದೆಂಬ ಸೂಚನೆಯನ್ನೂ ಸೇರಿಸಿ ಪ್ರಕಟಿಸಬೇಕಾಗಿ ಕೋರುತ್ತೇನೆ.

ಇಂತಿ,
ತಮ್ಮ ಓದುಗ