ಚೌತಿಗೆ ಊರಿಗೆ ಬರುವ ಮಗಳಿಗೊಂದು ಪತ್ರ

ಉಡುಪಿ
5 ಜುಲೈ 2026

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಚೌತಿಗೆ ಊರಿಗೆ ಬರುವ ಟಿಕೆಟನ್ನು ಈ ಸಲ ನೀನೇ ಮಾಡಿಕೊಳ್ಳುವುದಾಗಿ ಹೇಳಿದ್ದೀಯೆ. ಹಾಗೆಯೇ ಆಗಲಿ. ಆದರೆ ಮುಂಬಯಿಯಿಂದ ಕೊಂಕಣ ರೈಲು ಮಾರ್ಗವಾಗಿ, ಅದೂ ಮಳೆಗಾಲದಲ್ಲಿ, ಗಣಪತಿ ಹಬ್ಬದ ಹಿಂದಿನ ವಾರ ಬರುವುದೆಂದರೆ ಉಳಿದ ದಿನಗಳ ಪ್ರಯಾಣದಂತಲ್ಲ. ಮುಂಬಯಿಯಲ್ಲಿ ದುಡಿಯುತ್ತಿರುವ ರತ್ನಾಗಿರಿ, ಸಿಂಧುದುರ್ಗದ ಕಡೆಯ ಸಂಸಾರಗಳೆಲ್ಲ ಅದೇ ವಾರ ಅದೇ ರೈಲುಗಳಲ್ಲಿ ತಮ್ಮ ಊರುಗಳಿಗೆ ಹೊರಡುತ್ತವೆ. ಫೋನಿನಲ್ಲಿ ಹೇಳಿದರೆ "ಸರಿ ಅಪ್ಪ" ಎಂದು ಅರ್ಧಕ್ಕೇ ಮುಗಿಸುತ್ತೀಯೆಂದು ಬರೆದೇ ಕಳುಹಿಸುತ್ತಿದ್ದೇನೆ.

ಈ ವರ್ಷ ಚೌತಿ ಸೆಪ್ಟೆಂಬರ್ 14ರ ಸೋಮವಾರ. ನೀನು 11ರ ಶುಕ್ರವಾರ ಹೊರಡುವುದು ಉತ್ತಮ. ಮುಂಗಡ ಬುಕಿಂಗ್ ಹಿಂದೆ 120 ದಿನ ಮೊದಲೇ ತೆರೆಯುತ್ತಿತ್ತು. 2024ರ ನವೆಂಬರ್‌ನಿಂದ ಅದನ್ನು 60 ದಿನಕ್ಕೆ ಇಳಿಸಿದ್ದಾರೆ. ಪ್ರಯಾಣದ ದಿನವನ್ನು ಬಿಟ್ಟು ಎಣಿಸಿದರೆ ನಿನ್ನ ಟಿಕೆಟ್ ಜುಲೈ 13ರ ಸೋಮವಾರ ಬೆಳಿಗ್ಗೆ 8 ಗಂಟೆಗೆ ತೆರೆಯುತ್ತದೆ. ಹಬ್ಬದ ವಾರದ ಬರ್ತುಗಳು ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುವುದರಿಂದ ಅಂದು ಎದ್ದು ಹಲ್ಲುಜ್ಜುತ್ತಾ ಪಾಸ್‌ವರ್ಡ್ ಹುಡುಕುವಂತಾಗಬಾರದು. ಬುಕಿಂಗ್ ತೆರೆಯುವ ಹೊತ್ತಿನಲ್ಲಿ ಆಧಾರ್ ದೃಢೀಕರಣವಾದ ರೈಲ್ವೆ ಬುಕಿಂಗ್ ಖಾತೆಗಳಿಗೆ ಮಾತ್ರ ಟಿಕೆಟ್ ಸಿಗುತ್ತದೆ. ನಿನ್ನ ಖಾತೆಯದು ಆಗಿದೆಯೇ ಎಂದು ಈ ವಾರವೇ ನೋಡಿಕೊ.

ಇನ್ನು ಯಾವ ರೈಲು ಎಂಬ ಪ್ರಶ್ನೆ. ನೀನು ಹೊರಡುವ ಹೊತ್ತನ್ನು ನೋಡಿ ಆರಿಸುತ್ತೀಯೆ. ಇಳಿಯುವ ಹೊತ್ತನ್ನು ನೋಡಿ ಆರಿಸಬೇಕೆಂಬುದು ನನ್ನ ಅಭಿಪ್ರಾಯ. ಮತ್ಸ್ಯಗಂಧ (12619) ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ ಮಧ್ಯಾಹ್ನದ ಮೇಲೆ ಹೊರಡುತ್ತದೆ. ಅದಕ್ಕೆ ಬರಬೇಕಾದರೆ ಶುಕ್ರವಾರದ ತರಗತಿಗಳನ್ನು ಬಿಡಬೇಕಾಗುತ್ತದೆ, ಅಲ್ಲದೆ ಅದು ಕರಾವಳಿಯ ನಮ್ಮ ಭಾಗವನ್ನು ದಾಟುವುದು ನಡುರಾತ್ರಿ ಕಳೆದ ಮೇಲಿನ ನಿದ್ದೆಯ ಹೊತ್ತಿನಲ್ಲಿ. ಸಿಎಸ್‌ಎಂಟಿಯಿಂದ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ರಾತ್ರಿ ಹೊರಡುವ ಮಂಗಳೂರು ಜಂಕ್ಷನ್ ರೈಲು (12133) ಹಿಡಿದರೆ ತರಗತಿಯೂ ತಪ್ಪುವುದಿಲ್ಲ, ಮಾರನೆಯ ದಿನ ಹಗಲಿನಲ್ಲಿಯೇ ಉಡುಪಿಯಲ್ಲಿ ಇಳಿಯುತ್ತೀಯೆ. ಎಷ್ಟೇ ತಡವಾದರೂ ಹಗಲು ರೈಲಿನಲ್ಲಿ ಕುಳಿತಿರುವುದಕ್ಕೆ ಅಂಜಬೇಕಾದುದಿಲ್ಲ.

ಹತ್ತುವುದಕ್ಕೆ ಸಿಎಸ್‌ಎಂಟಿಯವರೆಗೆ ಹೋಗಬೇಡ. ಪೊವಾಯಿಯಿಂದ ಕಾಂಜೂರ್‌ಮಾರ್ಗಕ್ಕೆ ಬಂದು ಸ್ಲೋ ಲೋಕಲ್ ಹಿಡಿದರೆ ಠಾಣೆ ಹತ್ತಿರ. ಆದರೆ ಟಿಕೆಟನ್ನು ಸಿಎಸ್‌ಎಂಟಿಯಿಂದ ಮಂಗಳೂರು ಜಂಕ್ಷನ್‌ವರೆಗೆ ಮಾಡಿ, ಹತ್ತುವ ನಿಲ್ದಾಣ ಠಾಣೆ ಎಂದು ನಮೂದಿಸು. ನಮೂದಿಸದೆ ಠಾಣೆಯಲ್ಲಿ ಹತ್ತಿದರೆ ಅಷ್ಟರಲ್ಲಿ ನಿನ್ನ ಬರ್ತು ಬೇರೆಯವರಿಗೆ ಹೋಗಿರಬಹುದು. ಮಂಗಳೂರಿನವರೆಗೆ ಏಕೆಂದು ಕೇಳುವೆ. ಮೊದಲ ನಿಲ್ದಾಣದಿಂದ ಕೊನೆಯವರೆಗಿನ ಪ್ರಯಾಣಕ್ಕೆ ಸಾಮಾನ್ಯ ಕೋಟಾದಲ್ಲಿ ಸ್ಥಳ ಹೆಚ್ಚು. ನಡುವಿನ ಊರುಗಳಿಗೆ ಸಿಗುವ ಪಾಲು ಕಡಿಮೆ. ಉಡುಪಿಯಲ್ಲಿ ಮೊದಲೇ ಇಳಿಯುವುದಕ್ಕೆ ಯಾರ ಆಕ್ಷೇಪಣೆಯೂ ಇಲ್ಲ, ಹೆಚ್ಚಾಗುವ ಹಣವೂ ಅಲ್ಪ.

ವೇಟಿಂಗ್ ಲಿಸ್ಟ್ ಬಂದರೆ ಬರಿಯ ಅಂಕಿಯನ್ನು ನೋಡಿ ಧೈರ್ಯ ಮಾಡಬೇಡ, ಅದರ ಮುಂದಿನ ಅಕ್ಷರಗಳನ್ನೂ ನೋಡು. ಜಿಎನ್‌ಡಬ್ಲ್ಯುಎಲ್, ಅಂದರೆ ಸಾಮಾನ್ಯ ಕೋಟಾದ ವೇಟಿಂಗ್, 20 ಇದ್ದರೆ ಕಾಯಬಹುದು. ಪಿಕ್ಯುಡಬ್ಲ್ಯುಎಲ್, ಅಂದರೆ ನಡುವಿನ ಊರುಗಳು ಹಂಚಿಕೊಳ್ಳುವ ಕೋಟಾದ ವೇಟಿಂಗ್, 5 ಇದ್ದರೂ ನಾನು ನಂಬುವುದಿಲ್ಲ. ಆರ್‌ಎಸಿ ಸಿಕ್ಕರೆ ಸೈಡ್ ಲೋವರ್‌ನಲ್ಲಿ ಇನ್ನೊಬ್ಬರ ಜೊತೆ ಕುಳಿತು ಬರಬೇಕಾಗಬಹುದು, ಆದರೂ ಪ್ರಯಾಣ ಖಚಿತ. ಚಾರ್ಟ್ ಆದ ಮೇಲೂ ವೇಟಿಂಗ್‌ನಲ್ಲಿಯೇ ಉಳಿದ ಆನ್‌ಲೈನ್ ಟಿಕೆಟ್ ತಾನಾಗಿಯೇ ರದ್ದಾಗುತ್ತದೆ. ಅದನ್ನು ಹಿಡಿದುಕೊಂಡು ಸ್ನೇಹಿತೆಯರ ಮಾತು ಕೇಳಿ ರೈಲು ಹತ್ತಬಾರದು. ಸ್ಲೀಪರ್ ದರ್ಜೆಯಲ್ಲಿ ಹೆಂಗಸರಿಗೆಂದು ಆರು ಬರ್ತುಗಳ ಕೋಟಾ ಇದೆ, ಒಬ್ಬಳೇ ಬರುವ ನಿನಗೂ ಅದು ಸಲ್ಲುತ್ತದೆ. ಮಳೆಯಲ್ಲಿ ಕಿಟಕಿ ಮುಚ್ಚಿದ ಸ್ಲೀಪರ್ ಬೋಗಿಯ ಸೆಖೆ ನೆನೆದು ನನ್ನ ಮನಸ್ಸು ಥರ್ಡ್ ಎಸಿಯ ಕಡೆಗೇ ವಾಲುತ್ತದೆ, ಆದರೆ ಅಲ್ಲಿ ಸಿಗದಿದ್ದರೆ ಈ ಕೋಟಾವನ್ನು ನೋಡದೆ ಬಿಡಬೇಡ.

ಗಣಪತಿ ಸ್ಪೆಷಲ್ ರೈಲುಗಳ ಪಟ್ಟಿ ಬಂದಾಗಲೂ ಎಚ್ಚರ ಬೇಕು. ಅವುಗಳಲ್ಲಿ ಹೆಚ್ಚಿನವು ರತ್ನಾಗಿರಿ, ಸಾವಂತವಾಡಿ, ಮಡಗಾಂವ್‌ಗಳಲ್ಲಿಯೇ ನಿಂತುಬಿಡುತ್ತವೆ. ನೇರ ರೈಲು ಸಿಗದಿದ್ದರೆ ರಾತ್ರಿಯ ಕೊಂಕಣ ಕನ್ಯಾದಲ್ಲಿ ಮಡಗಾಂವ್‌ವರೆಗೆ ಬಂದು, ಅಲ್ಲಿಂದ ಸಂಜೆ ಮಂಗಳೂರಿಗೆ ಹೊರಡುವ ವಂದೇ ಭಾರತ್‌ನಲ್ಲಿ ಉಡುಪಿಗೆ ಬರಬಹುದು. ನಡುವೆ ಹಲವು ಗಂಟೆ ಕಾಯಬೇಕು. ಆ ಬಿಡುವು ಇರುವುದರಿಂದಲೇ ನಾನಿದನ್ನು ಹೇಳುತ್ತಿದ್ದೇನೆ, ಮೊದಲ ರೈಲು ತಡವಾದರೂ ಎರಡನೆಯದು ತಪ್ಪುವ ಸಂಭವ ಕಡಿಮೆ. ಹುಬ್ಬಳ್ಳಿಯ ಮೇಲಿಂದ ಬರುವ ಸ್ಲೀಪರ್ ಬಸ್ಸುಗಳ ಮಾತು ಎತ್ತಬೇಡ. ಮಳೆಯ ರಾತ್ರಿ ಅರಬೈಲ್ ಘಾಟ್ ಇಳಿಯುವ ಬಸ್ಸಿನಲ್ಲಿ ನೀನಿದ್ದೀಯೆಂದರೆ ನಿನ್ನ ಅಮ್ಮ ಮಲಗುವುದಿಲ್ಲ, ನನ್ನನ್ನೂ ಮಲಗಿಸುವುದಿಲ್ಲ.

ತಡವಾಗುವುದನ್ನು ಈಗಲೇ ಲೆಕ್ಕಕ್ಕೆ ಹಿಡಿದುಕೊ. ಜೂನ್‌ನಿಂದ ಅಕ್ಟೋಬರ್‌ವರೆಗೆ ಕೊಂಕಣ ರೈಲ್ವೆಗೆ ಬೇರೆಯೇ ವೇಳಾಪಟ್ಟಿ ಇರುತ್ತದೆ; ಗುಡ್ಡ ಕಡಿದು ಹಾಕಿದ ಹಳಿಗಳ ಮೇಲೆ ಮಣ್ಣು, ಬಂಡೆ ಜಾರುವ ಭಯದಿಂದ ವೇಗ ತಗ್ಗಿಸುತ್ತಾರೆ, ಜೋರು ಮಳೆಯಲ್ಲಿ ದಾರಿ ಕಾಣದಾದರೆ ಗಂಟೆಗೆ 40 ಕಿಲೋಮೀಟರಿಗೆ ಇಳಿಸುತ್ತಾರೆ. ರೋಹಾದಿಂದ ತೋಕೂರಿನವರೆಗಿನ 741 ಕಿಲೋಮೀಟರಿನಲ್ಲಿ ಬಹುಪಾಲು ಒಂದೇ ಹಳಿ, ಹಾಗಾಗಿ ಎದುರಿನ ಒಂದು ರೈಲು ತಡವಾದರೆ ಕ್ರಾಸಿಂಗಿಗೆಂದು ನಿನ್ನ ರೈಲೂ ಯಾವುದೋ ಸಣ್ಣ ಸ್ಟೇಷನ್ನಿನಲ್ಲಿ ನಿಲ್ಲುತ್ತದೆ. ಪ್ಯಾಂಟ್ರಿಯನ್ನು ನಂಬದೆ ಎರಡು ಹೊತ್ತಿನ ತಿಂಡಿ ಮತ್ತು ನೀರು ಇಟ್ಟುಕೊ. ಸುರಂಗಗಳ ನಡುವೆ ಫೋನ್ ಸಿಗದಿದ್ದರೆ ನಾವು ಗಾಬರಿಯಾಗುವುದಿಲ್ಲ. ಕಾರವಾರ ಬಿಟ್ಟ ಮೇಲೆ ಒಂದು ಸಂದೇಶ ಕಳುಹಿಸು, ಉಡುಪಿಯ ಇಂದ್ರಾಳಿ ಸ್ಟೇಷನ್ನಿಗೆ ನಾನು ಬಂದಿರುತ್ತೇನೆ. ಬೋಗಿಯಲ್ಲಿ ಯಾರಿಂದಾದರೂ ತೊಂದರೆಯಾದರೆ ಸಂಕೋಚಪಡದೆ ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡು.

ಹಿಂದಿರುಗುವ ಟಿಕೆಟನ್ನು ಮರೆಯಬೇಡ. ಸೆಪ್ಟೆಂಬರ್ 15ರ ಮಂಗಳವಾರದ ಮತ್ಸ್ಯಗಂಧಕ್ಕೆ ಜುಲೈ 17ರಂದು ಬುಕಿಂಗ್ ತೆರೆಯುತ್ತದೆ. ಕೊಂಕಣದವರಲ್ಲಿ ಹಲವರು ಗಣಪತಿಯನ್ನು ಐದು ದಿನ, ಏಳು ದಿನ ಇಟ್ಟು ಪೂಜಿಸುವುದರಿಂದ ಮಂಗಳವಾರ ಅಷ್ಟು ನೂಕುನುಗ್ಗಲು ಇರಲಾರದೆಂದು ನನ್ನ ಎಣಿಕೆ. ಆದರೂ ಅಂದೇ ಮಾಡಿಬಿಡು. 13ರ ಬೆಳಿಗ್ಗೆ ಟಿಕೆಟ್ ಆದ ಕೂಡಲೇ ಪಿಎನ್‌ಆರ್ ಸಂಖ್ಯೆಯನ್ನು ನನಗೆ ಕಳುಹಿಸು. ಹಣ ಕಡಿತವಾಗಿ ಟಿಕೆಟ್ ಬಾರದಿದ್ದರೆ ಅದು ಹಿಂದಿರುಗಲೆಂದು ಕಾಯುತ್ತಾ ಕೂರದೆ ಮತ್ತೊಮ್ಮೆ ಪ್ರಯತ್ನಿಸು. ಅದಕ್ಕಾಗಿಯೇ ನಿನ್ನ ಖಾತೆಗೆ ಎರಡು ಟಿಕೆಟ್ಟಿನಷ್ಟು ಹಣವನ್ನು ನಾಳೆ ಹಾಕುತ್ತೇನೆ.

ಇಂತಿ,
ನಿನ್ನ ಅಪ್ಪ