ಹಿತ್ತಲಿಗೆ ಏಳು ದಿನದ ನೋಟಿಸ್, ಹೊಲಕ್ಕೆ ಯಾಕಿಲ್ಲ?

ಸಂಪಾದಕರೇ,

ಗದಗ ಜಿಲ್ಲೆಯ ಕಪ್ಪತಗುಡ್ಡದ ಸೆರಗಿನ ಹೊಲಗಳಲ್ಲಿ ಚಿನ್ನ ಹುಡುಕುತ್ತಿರುವ ಬಗ್ಗೆ ಮಂಗಳವಾರ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ರೈತರ ಸಹಕಾರದಿಂದ ಕೆಲಸ ಚೆನ್ನಾಗಿ ಸಾಗಿದೆ ಎಂದು ಬರೆದಿದ್ದೀರಿ. ಯಾವ ರೈತರು? ಫೋಟೊದಲ್ಲಿ ಆ ಕಲ್ಲು ಕೊರೆಯುವ ಯಂತ್ರ ನಿಂತಿರುವುದು ನನ್ನ ಎರಿ ಹೊಲದಲ್ಲಿ. ನನ್ನನ್ನು ಯಾರೂ ಒಂದು ಮಾತು ಕೇಳಿಲ್ಲ.

ಅವತ್ತು ಬೆಳಿಗ್ಗೆ ನಾನು ಹೊಲಕ್ಕೆ ಹೋಗುವಷ್ಟರಲ್ಲಿ ಬದು ಒಡೆದು ಲಾರಿ ಒಳಗೆ ಬಂದಾಗಿತ್ತು. ಕಡಲೆ ಹೂ ಬಿಟ್ಟ ಹೊತ್ತು. ಈಗ ನಾವೇ ಸಾಲು ನೋಡಿ ಕಾಲಿಡುತ್ತೇವೆ. ಲಾರಿ ತಿರುಗಿಸಿದ ಕಡೆ ಗಿಡಗಳೆಲ್ಲ ನೆಲಕ್ಕೆ ಅಂಟಿದವು. ಕಲ್ಲು ಕೊರೆಯಲು ನೀರು ಬೇಕಂತೆ. ನನ್ನ ಕೃಷಿ ಹೊಂಡಕ್ಕೆ ಪೈಪ್ ಇಳಿಸಿ ಮೂರು ದಿನ ಎಳೆದರು. ಪೀಕಿಗೆ ಕೊನೆಗೆ ಒಂದು ನೀರು ಕೊಡೋಣ ಎಂದು ಉಳಿಸಿಕೊಂಡಿದ್ದ ನೀರದು. ಕೊರೆದಾಗ ಬಂದ ಬೂದು ಕೆಸರನ್ನು ಪಕ್ಕದ ಸಾಲುಗಳ ಮೇಲೇ ಹರಿಯಬಿಟ್ಟರು. ಹೋಗುವಾಗ ತೂತಿನ ಬಾಯಿಗೆ ಒಂದು ಕಲ್ಲು ಇಟ್ಟು ಹೋದರು. ಆ ಕಲ್ಲು ಸರಿದು ಮರುದಿನ ನಮ್ಮ ಕರುವಿನ ಕಾಲು ಅದರಲ್ಲಿ ಸಿಕ್ಕಿತು. ಮೂಳೆ ಮುರಿಯಲಿಲ್ಲ. ಆದರೆ ಚರ್ಮ ಸುಲಿದು ಇನ್ನೂ ಕುಂಟುತ್ತಿದೆ. ಹಸು ಸರಿಯಾಗಿ ಹಾಲು ಬಿಡುತ್ತಿಲ್ಲ.

ಕೇಳಿದರೆ ಜೀಪಿನಲ್ಲಿದ್ದವರು ದೂರದಿಂದ ಒಂದು ಕಾಗದ ತೋರಿಸಿದರು. ನೆಲದಡಿಯ ಖನಿಜ ಸರ್ಕಾರದ್ದು, ನೀವು ತಡೆಯುವಂತಿಲ್ಲ ಎಂದರು. ಜೆರಾಕ್ಸ್ ಕೊಡಿ ಎಂದೆ. ಕೊಡಲಿಲ್ಲ.

ನನ್ನ ತಮ್ಮನ ಮಗಳು ವಕೀಲಿ ಓದುತ್ತಿದ್ದಾಳೆ. ಕಾಯ್ದೆ ತೆಗೆದು ಅವಳೇ ಓದಿ ಹೇಳಿದಳು. ಖನಿಜ ಸರ್ಕಾರದ್ದು ಎಂಬುದು ನಿಜ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 70ನೇ ಸೆಕ್ಷನ್ ಹಾಗೇ ಹೇಳುತ್ತದೆ. ಆಗಲಿ. ಆದರೆ ಕಡಲೆ ನನ್ನದು, ಹೊಂಡದ ನೀರು ನನ್ನದು, ಬದು ಕಟ್ಟಿದ್ದು ನಮ್ಮಪ್ಪ.

1957ರ ಗಣಿ ಮತ್ತು ಖನಿಜ ಕಾಯ್ದೆಯಲ್ಲಿ 24ಎ ಎಂಬ ಸೆಕ್ಷನ್ ಇದೆ. ಲೈಸೆನ್ಸ್ ಸಿಕ್ಕವರು ತಮಗೆ ಗೊತ್ತುಮಾಡಿದ ಜಮೀನಿಗೆ ಯಾವ ಹೊತ್ತಿನಲ್ಲೂ ಹೋಗಬಹುದು. ಮನೆಯೊಳಗೆ, ಇಲ್ಲವೇ ಮನೆಗೆ ಹೊಂದಿಕೊಂಡ ಬೇಲಿಯೊಳಗಿನ ಅಂಗಳಕ್ಕೆ, ಕೈತೋಟಕ್ಕೆ ಹೋಗಬೇಕಾದರೆ ಮಾತ್ರ ಮನೆಯವರ ಒಪ್ಪಿಗೆ ಬೇಕು. ಒಪ್ಪಿಗೆ ಇಲ್ಲದಿದ್ದರೆ ಏಳು ದಿನ ಮೊದಲು ಬರೆದು ತಿಳಿಸಬೇಕು. ಬಯಲಿನ ಹೊಲಕ್ಕೆ ಆ ಏಳು ದಿನವೂ ಇಲ್ಲ. ನಮ್ಮ ಹಿತ್ತಲಲ್ಲಿರುವುದು ನಾಲ್ಕು ಬದನೆ ಗಿಡ. ಅದಕ್ಕೆ ನೋಟಿಸ್ ಉಂಟು. ವರ್ಷವಿಡೀ ಅನ್ನ ಕೊಡುವ ನಾಲ್ಕು ಎಕರೆಗೆ ಇಲ್ಲ. ಇದು ಯಾವ ನ್ಯಾಯ?

ಅದೇ ಸೆಕ್ಷನ್‌ನಲ್ಲಿ ಪರಿಹಾರದ ಮಾತೂ ಇದೆ. ಆದ ಹಾನಿಗಷ್ಟೇ ಅಲ್ಲ, ಆಗಬಹುದಾದ ಹಾನಿಗೂ ಕೊಡಬೇಕು. ಮೊತ್ತ ಗೊತ್ತುಮಾಡಬೇಕಾದದ್ದು ರಾಜ್ಯ ಸರ್ಕಾರ. ಕೊಡಬೇಕಾದದ್ದು ಜಮೀನು ಯಾರ ಕೈಯಲ್ಲಿದೆಯೋ ಅವರಿಗೆ. ನಮ್ಮ ಕಡೆ ಲಾವಣಿಗೆ, ಅಂದರೆ ಗೇಣಿಗೆ, ಹಿಡಿದು ಉಳುವವರು ಜಾಸ್ತಿ. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರಿಲ್ಲ ಎಂದು ಅವರನ್ನು ವಾಪಸ್ ಕಳಿಸಬಾರದು. ಇದನ್ನೆಲ್ಲ ನಮಗೆ ಒಬ್ಬ ಅಧಿಕಾರಿಯಾದರೂ ಬಂದು ಹೇಳಿದ್ದಾರಾ?

ದೂರು ಕೊಡಲು ಎರಡು ಬಸ್ ಬದಲಿಸಿ ಹೋದೆ. ಒಂದು ಕಚೇರಿಯಲ್ಲಿ ಇದು ಗಣಿಯವರ ವಿಷಯ ಎಂದರು. ಇನ್ನೊಂದರಲ್ಲಿ ಕಂದಾಯದವರನ್ನು ಕೇಳಿ ಎಂದರು. ಮೂರನೇ ಸಲ ಹೋದಾಗ ಸಾಹೇಬರು ಮೀಟಿಂಗ್‌ನಲ್ಲಿದ್ದರು. ಪಕ್ಕದ ಹೊಲದವರ ಜೊತೆ ತಕರಾರಿದೆ ಎಂದು ನಾನು ಹದ್ದುಬಸ್ತಿಗೆ ಫೀ ಕಟ್ಟಿ ಹದಿನಾಲ್ಕು ತಿಂಗಳಾಯಿತು. ಇವತ್ತಿನವರೆಗೆ ಯಾರೂ ಅಳೆಯಲು ಬಂದಿಲ್ಲ. ಈ ಯಂತ್ರದವರಿಗೆ ಮಾತ್ರ ನನ್ನ ಸರ್ವೆ ನಂಬರ್, ಬದು, ದಾರಿ ಎಲ್ಲ ಗೊತ್ತು. ಅವರಿಗೆ ಅಳೆದು ಕೊಟ್ಟವರು ಯಾರು?

2011ರಲ್ಲಿ ನಮ್ಮ ಜಿಲ್ಲೆಯದೇ ಹಳ್ಳಿಗುಡಿ ಕಡೆಯ ಹೊಲಗಳನ್ನು ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಕೊಡಲು ಹೊರಟಿದ್ದರು. ರೈತರು ಒಪ್ಪಲಿಲ್ಲ. ಗದಗದ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಜೊತೆಗೆ ನಿಂತರು. ಸರ್ಕಾರ ಕೈಬಿಟ್ಟಿತು. ಕಪ್ಪತಗುಡ್ಡವನ್ನು 2015ರಲ್ಲಿ ಸಂರಕ್ಷಿತ ಪ್ರದೇಶ ಎಂದರು. 2016ರಲ್ಲಿ ಅದನ್ನೇ ವಾಪಸ್ ತೆಗೆದುಕೊಂಡರು. ಜನ ಬೀದಿಗೆ ಇಳಿದ ಮೇಲೆ 2017ರಲ್ಲಿ ಮತ್ತೆ ಕೊಟ್ಟರು. 2019ರಲ್ಲಿ ಅದು ವನ್ಯಜೀವಿ ಧಾಮವಾಯಿತು. ಗುಡ್ಡ ಉಳಿಯಿತು, ಸಂತೋಷ. ಆದರೆ ಇಷ್ಟೆಲ್ಲ ಆದ ಮೇಲೂ ಮೊದಲು ಜನರನ್ನು ಕೇಳಬೇಕು ಎಂಬ ಬುದ್ಧಿ ಇವರಿಗೆ ಬರಲಿಲ್ಲವಲ್ಲ!

ಹೊಲಕ್ಕೂ ಏಳು ದಿನದ ನೋಟಿಸ್ ಕೊಡಿ. ಅಲ್ಲ, ನೋಟಿಸ್ ಸಾಲದು, ಒಪ್ಪಿಗೆಯ ಸಹಿ ತೆಗೆದುಕೊಂಡೇ ಒಳಗೆ ಬನ್ನಿ. ಪೀಕು ನಿಂತಿರುವಾಗ ಬರಲೇಬೇಡಿ. ಚಿನ್ನ ಎಲ್ಲೂ ಓಡಿಹೋಗುವುದಿಲ್ಲ, ಕಡಲೆ ಕಿತ್ತ ಮೇಲೆ ಹುಡುಕಬಹುದು. ನನ್ನ ನಷ್ಟ ಕಟ್ಟಿಕೊಡಿ. ಮೊದಲು ಆ ತೂತು ಮುಚ್ಚಿ. ಸಂಪಾದಕರೇ, ಇನ್ನೊಮ್ಮೆ ನಮ್ಮ ಸಹಕಾರದ ಬಗ್ಗೆ ಬರೆಯುವ ಮುಂಚೆ ನಿಮ್ಮ ವರದಿಗಾರರು ನಮ್ಮನ್ನೂ ಒಂದು ಮಾತು ಕೇಳಲಿ.

ಮುಂದಿನ ವಾರ ಇನ್ನೊಂದು ತೂತು ಕೊರೆಯಲು ಬರುತ್ತಾರಂತೆ. ಬದುವಿನ ಕಲ್ಲಿಗೆ ಕೆಂಪು ಬಣ್ಣ ಬಳಿದು ಹೋಗಿದ್ದಾರೆ. ಮೀಟಿಂಗ್‌ನಲ್ಲಿದ್ದ ಆ ಸಾಹೇಬರೂ ಅವರ ಜೊತೆ ಬರಲಿ. ಬಂದು ಕರುವಿನ ಕಾಲು ನೋಡಲಿ.

— ನೊಂದ ರೈತ, ಕಪ್ಪತಗುಡ್ಡದ ಸೆರಗಿನ ಒಂದು ಹಳ್ಳಿಯಿಂದ