ಮನೆಗೆ ಬಂದ ಮದ್ದು, ಜೊತೆಗೆ ಬಂದವರು

ನಿನ್ನೆ ನನ್ನ ಚಿಕಿತ್ಸೆ ಮುಗಿಯಿತು. ಒಟ್ಟು 42 ದಿನ. ಮೊದಲ 13 ದಿನ ಆಸ್ಪತ್ರೆಯಲ್ಲಿ, ಉಳಿದ 29 ದಿನ ಮನೆಯಲ್ಲಿ. ಆ 29 ದಿನಗಳನ್ನು ನನಗೆ ದೊರಕಿಸಿಕೊಟ್ಟವರಿಗೆ ಎದುರು ನಿಂತು ಹೇಳಬೇಕೆಂದು ಹೋದೆ. ಗಂಟಲು ಕಟ್ಟಿತು, ಮಾತು ಹೊರಡಲಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಬೆನ್ನುನೋವು ಎಂದುಕೊಂಡಿದ್ದು ಬೆನ್ನುಮೂಳೆಯ ಸೋಂಕಾಗಿತ್ತು. ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಎರಡು ಮೂಳೆಗಳ ನಡುವಿನ ಡಿಸ್ಕ್‌ನಲ್ಲಿ ನೆಲೆಯೂರಿತ್ತು, ರಕ್ತದಲ್ಲೂ ಇತ್ತು. ಆರು ವಾರ ರಕ್ತನಾಳದ ಮೂಲಕವೇ ಆ್ಯಂಟಿಬಯೋಟಿಕ್ ಕೊಡಬೇಕು ಎಂದಾಗ ಆರು ವಾರವೂ ಅದೇ ವಾರ್ಡು, ಅದೇ ಹಾಸಿಗೆ ಎಂದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದ್ದೆ. ಜ್ವರ ಇಳಿದು, ರಕ್ತದಲ್ಲಿ ಬ್ಯಾಕ್ಟೀರಿಯಾ ಇಲ್ಲವಾಗಿ, ಹೃದಯದ ಕವಾಟಗಳಿಗೆ ಸೋಂಕು ಹಬ್ಬಿಲ್ಲವೆಂದು ಖಚಿತವಾದ ಮೇಲೆ ವೈದ್ಯರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತರು. “ಇನ್ನು ನಿಮಗೆ ಬೇಕಿರುವುದು ಔಷಧಿ, ಹಾಸಿಗೆಯಲ್ಲ” ಎಂದರು.

ಡಾಕ್ಟರೇ, ಆ ಮಾತಿಗಷ್ಟೇ ಅಲ್ಲ, ಆಮೇಲೆ ನೀವು ಕುಳಿತ ಅರ್ಧ ಗಂಟೆಗೂ ನಾನು ಋಣಿ. ಮಾತ್ರೆ ಸಾಲದೇ ಎಂದು ಕೇಳಿದೆ. ಪ್ರಶ್ನೆಯನ್ನು ತಳ್ಳಿಹಾಕಲಿಲ್ಲ ನೀವು. ಮೂಳೆ ಮತ್ತು ಕೀಲಿನ ಸೋಂಕಿರುವ ಅನೇಕರಿಗೆ ಮಾತ್ರೆಯೂ ಅಷ್ಟೇ ಫಲ ಕೊಡುತ್ತದೆ ಎಂದು 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನ ತೋರಿಸಿದೆ, ಆದರೆ ನಿಮ್ಮ ರಕ್ತಕ್ಕೂ ಈ ಬ್ಯಾಕ್ಟೀರಿಯಾ ಸೇರಿದ್ದರಿಂದ ಈ ದಾರಿಯೇ ಕ್ಷೇಮ ಎಂದಿರಿ. ಬೆನ್ನುಮೂಳೆಯ ಸೋಂಕಿಗೆ 12 ವಾರದ ಬದಲು 6 ವಾರ ಸಾಕೆಂದು ಗೊತ್ತಾದದ್ದೂ 2015ರ ಒಂದು ಅಧ್ಯಯನದಿಂದ ಎಂದು ತಿಳಿಸಿದಿರಿ. ಕಾರಣ ತಿಳಿದ ಮೇಲೆ ಕಷ್ಟ ಅರ್ಧಕ್ಕೆ ಇಳಿಯಿತು.

ನನ್ನ ಮೇಲ್ದೋಳಿನ ರಕ್ತನಾಳದಿಂದ ಹೃದಯದ ಸಮೀಪದವರೆಗೆ ತೆಳುವಾದ ಕೊಳವೆಯೊಂದನ್ನು ಇಳಿಸಿದರು. ಪಿಕ್ ಲೈನ್ ಎನ್ನುತ್ತಾರೆ. ಅದಕ್ಕೆ ಜೋಡಿಸುತ್ತಿದ್ದ ಪಂಪಿಗೆ ವಿದ್ಯುತ್ತೂ ಬೇಡ, ಬ್ಯಾಟರಿಯೂ ಬೇಡ. ಪ್ಲಾಸ್ಟಿಕ್ ಬಾಟಲಿಯೊಳಗೆ ಔಷಧಿ ತುಂಬಿದ ರಬ್ಬರಿನ ಬಲೂನು, ಅಷ್ಟೇ. ಬಲೂನು ಕುಗ್ಗುತ್ತ ಕುಗ್ಗುತ್ತ 24 ಗಂಟೆಯಲ್ಲಿ ಸೆಫಜೋಲಿನ್ ಎಂಬ ಆ್ಯಂಟಿಬಯೋಟಿಕ್ ಅನ್ನು ಹನಿಹನಿಯಾಗಿ ಒಳಗೆ ಕಳುಹಿಸುತ್ತದೆ. ಸೊಂಟಕ್ಕೊಂದು ಬಟ್ಟೆಯ ಚೀಲ ಕಟ್ಟಿ ಅದರಲ್ಲಿ ಈ ಬಾಟಲಿ ಇಟ್ಟುಕೊಂಡು ಮನೆಯೆಲ್ಲ ಓಡಾಡಿದೆ. ರಾತ್ರಿ ಮಾತ್ರ ಅದು ದಿಂಬಿನ ಪಕ್ಕ, ಹೊದಿಕೆಯ ಹೊರಗೆ. ಬಿಸಿಯಾದರೆ ಔಷಧಿ ಬೇಗ ಹರಿದುಬಿಡುತ್ತದೆ ಎಂದು ಸಿಸ್ಟರ್ ಮೊದಲ ದಿನವೇ ಎಚ್ಚರಿಸಿದ್ದರು.

ಸಿಸ್ಟರ್, ನಿಮ್ಮ ಬಗ್ಗೆ ಎಷ್ಟು ಬರೆದರೂ ಕಡಿಮೆಯೇ. ನನ್ನ ಮಗಳಿಗೆ ಹತ್ತೊಂಬತ್ತು ವರ್ಷ. ರಕ್ತ ಕಂಡರೆ ಮುಖ ತಿರುಗಿಸುವವಳು. ಅವಳನ್ನು ಎದುರು ಕೂರಿಸಿಕೊಂಡು ನಾಲ್ಕು ದಿನ ಕಲಿಸಿದಿರಿ. ಕೈ ತೊಳೆಯುವುದು ಹೇಗೆ, ಲೈನಿನ ತುದಿಯನ್ನು ಸ್ಪಿರಿಟ್ ಪಟ್ಟಿಯಿಂದ 15 ಸೆಕೆಂಡು ಉಜ್ಜಿ ಒಣಗಲು ಬಿಡುವುದು ಹೇಗೆ, 10 ಮಿಲಿಲೀಟರಿನ ಸಿರಿಂಜಿನಲ್ಲಿ ಸಲೈನನ್ನು ಒಂದೇ ಸಮನೆ ತಳ್ಳದೆ ತಡೆತಡೆದು ತಳ್ಳುವುದು ಹೇಗೆ ಎಂದೆಲ್ಲ. ಅವಳ ಕೈ ನಡುಗಿದಾಗ ನೀವು ಸಿರಿಂಜ್ ಕಸಿದುಕೊಳ್ಳಲಿಲ್ಲ, ಕಾದಿರಿ. ಐದನೆಯ ದಿನದಿಂದ ಅವಳು ಮೆಲ್ಲಗೆ ಒಂದು, ಎರಡು, ಮೂರು ಎಂದು ಎಣಿಸುತ್ತ ತಾನೇ ಉಜ್ಜುತ್ತಿದ್ದಳು. ಒಂದು ದಿನವೂ ಹನ್ನೆರಡಕ್ಕೋ ಹದಿಮೂರಕ್ಕೋ ನಿಲ್ಲಿಸಿದ್ದನ್ನು ನಾನು ಕಾಣೆ. ಲೈನಿನ ದಾರಿಯಲ್ಲಿ ಒಂದು ಕ್ರಿಮಿ ಒಳಹೊಕ್ಕರೂ ನೇರ ಹೃದಯದ ಬಾಗಿಲಿಗೆ ಹೋಗುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ನೋಡಿದರೆ ಬಲೂನು ಕುಗ್ಗಿಯೇ ಇರಲಿಲ್ಲ. ಲೈನ್ ಕಟ್ಟಿಕೊಂಡಿತೆಂದು ಇಬ್ಬರೂ ಹೆದರಿದೆವು. ಕೊಟ್ಟಿದ್ದ ಸಂಖ್ಯೆಗೆ ಕರೆ ಮಾಡಿದರೆ ಎರಡನೆಯ ರಿಂಗಿಗೇ ಎತ್ತಿದರು. “ಗಾಬರಿಯಾಗಬೇಡಮ್ಮಾ, ತೋಳಿನಿಂದ ಬಾಟಲಿಯವರೆಗೆ ಕೊಳವೆಯ ಮೇಲೆ ಬೆರಳಾಡಿಸುತ್ತ ಬಾ, ಕ್ಲಿಪ್ ಎಲ್ಲಾದರೂ ಮುಚ್ಚಿದೆಯಾ ನೋಡು” ಎಂದು ಆ ಕಡೆಯ ದನಿ ಮಗಳಿಗೆ ಹೇಳಿತು. ಮುಚ್ಚಿತ್ತು, ತೋಳಿನ ಅಂಗಿಯ ಮಡಿಕೆಯಡಿ. ತೆರೆದ ಮೇಲೂ ಅವರು ಫೋನ್ ಇಡಲಿಲ್ಲ. ಜ್ವರ ಇದೆಯೇ, ಚಳಿ ಬಂತೇ, ತೋಳು ಊದಿದೆಯೇ ಎಂದು ಒಂದೊಂದೇ ಕೇಳಿ, ನಾಳೆ ಪಂಪ್ ಬದಲಿಸುವ ಹೊತ್ತನ್ನೂ ಹೇಳಿದರು. ಆ ರಾತ್ರಿ ಪಾಳಿಯವರ ಹೆಸರು ಕೇಳಲು ನಮಗೆ ತೋಚಲಿಲ್ಲ. ಇದನ್ನು ಓದುತ್ತಿದ್ದರೆ ತಿಳಿಯಿರಿ: ಮನೆಯಲ್ಲಿ ನಾವಿಬ್ಬರೇ ಇಲ್ಲ ಎಂಬ ಧೈರ್ಯ ಬಂದದ್ದು ಅಂದು.

ಔಷಧಾಲಯದವರನ್ನು ನಾನು ಕಣ್ಣಾರೆ ಕಂಡೇ ಇಲ್ಲ. ಪ್ರತಿ ಪಂಪನ್ನೂ ಶುದ್ಧ ಕೋಣೆಯಲ್ಲಿ ತುಂಬಿ, ನನ್ನ ಹೆಸರು, ಗಡುವಿನ ದಿನ ಬರೆದು, ತಂಪು ಡಬ್ಬಿಯಲ್ಲಿ ಕಳುಹಿಸಿದ ಕೈಗಳಿಗೆ ನಮಸ್ಕಾರ. ವಾರಕ್ಕೊಮ್ಮೆ ಬರುತ್ತಿದ್ದ ನನ್ನ ರಕ್ತಪರೀಕ್ಷೆಯ ವರದಿಯನ್ನು ವೈದ್ಯರ ಜೊತೆ ಕುಳಿತು ನೋಡುತ್ತಿದ್ದವರೂ ಅವರೇ. ಐದನೆಯ ವಾರ ಬಿಳಿ ರಕ್ತಕಣಗಳು ಇಳಿದದ್ದನ್ನು ಮೊದಲು ಗಮನಿಸಿದ್ದು ಔಷಧತಜ್ಞರಂತೆ. ಇಂಥ ಔಷಧಿ ಬಹಳ ದಿನ ಹೋದರೆ ಹಾಗಾಗುವುದುಂಟು. ಅಂದು ಸಂಜೆಯೇ ಕರೆ ಬಂತು, ಎರಡು ದಿನ ಬಿಟ್ಟು ಮತ್ತೆ ರಕ್ತ ತೆಗೆದರು, ಸಂಖ್ಯೆ ಅಲ್ಲೇ ನಿಂತಿತ್ತು, ಚಿಕಿತ್ಸೆ ಮುಂದುವರಿಯಿತು. ಮನೆಗೆ ಕಳುಹಿಸುವುದೆಂದರೆ ಕೈತೊಳೆದುಕೊಳ್ಳುವುದು ಎಂದು ತಿಳಿದವರಿಗೆ ನಾನು ಈ ಸಂಜೆಯ ಕರೆಯ ಬಗ್ಗೆ ಹೇಳುತ್ತೇನೆ.

ಇನ್ನೊಂದು ಋಣ ಹಳೆಯದು. 1974ರಲ್ಲಿ ಅಮೆರಿಕದ ಇಬ್ಬರು ವೈದ್ಯರು, ರಕರ್ ಮತ್ತು ಹ್ಯಾರಿಸನ್, ಸಿಸ್ಟಿಕ್ ಫೈಬ್ರೋಸಿಸ್ ಎಂಬ, ಹುಟ್ಟಿನಿಂದಲೇ ಬಂದು ಶ್ವಾಸಕೋಶವನ್ನು ಕಾಡುವ ಕಾಯಿಲೆ ಇದ್ದವರಿಗೆ ಆಸ್ಪತ್ರೆಯ ಹೊರಗೇ ರಕ್ತನಾಳದ ಮೂಲಕ ಔಷಧಿ ಕೊಟ್ಟ ಅನುಭವವನ್ನು ಪ್ರಕಟಿಸಿದರಂತೆ. ಅಷ್ಟು ಹಿಂದೆಯೇ ಈ ದಾರಿಗೆ ಒಪ್ಪಿ ಹೆಜ್ಜೆಯಿಟ್ಟ ರೋಗಿಗಳನ್ನೂ ಅವರ ಮನೆಯವರನ್ನೂ ಈ ದಿನಗಳಲ್ಲಿ ಎಷ್ಟೋ ಸಲ ನೆನೆದಿದ್ದೇನೆ.

ನಿನ್ನೆ ಸಿಸ್ಟರ್ ಬಂದು ಲೈನ್ ತೆಗೆದರು. ನೋವಾಗಲಿಲ್ಲ, ತೋಳಿನೊಳಗೆ ನೂಲೊಂದು ಸರಿದಂತಾಯಿತು. ಹೊರಬಂದ ಕೊಳವೆಯನ್ನು ಅಳತೆಪಟ್ಟಿಯ ಪಕ್ಕ ಇಟ್ಟು, ಹಾಕಿದ ದಿನ ಬರೆದಿಟ್ಟಿದ್ದ ಉದ್ದಕ್ಕೆ ಹೋಲಿಸಿ, ಪೂರ್ತಿ ಬಂದಿದೆ ಎಂದು ಹಾಳೆಯಲ್ಲಿ ಗುರುತು ಹಾಕಿದರು. ತಲೆಯೆತ್ತಿ ನೋಡಿದರೆ ಬಾಗಿಲಲ್ಲಿ ಮಗಳು ನಿಂತಿದ್ದಳು, ಎಂದಿನಂತೆ ಕೈ ತೊಳೆದುಕೊಂಡು, ಎರಡೂ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದುಕೊಂಡು.